ಕೆಮ್ಮಿದರೆ ಸೋರುತ್ತದೆ, ಗರ್ಭಕೋಶ ತೆಗೆಸಬೇಕಾ ಡಾಕ್ಟರೇ?

ಪ್ರಶ್ನೆ: ನನಗೆ 54 ವರ್ಷ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ ಒಂದು ಹಳ್ಳಿ. ಮೂರು ಹೆರಿಗೆ, ಮೊದಲನೆಯದು ಮನೆಯಲ್ಲೇ ಆದದ್ದು. ಮುಟ್ಟು ನಿಂತು ನಾಲ್ಕು ವರ್ಷ ಆಯಿತು. ಆರೇಳು ವರ್ಷದಿಂದ ಕೆಮ್ಮಿದರೆ, ಸೀನಿದರೆ, ಬಾವಿಯಿಂದ ಕೊಡಪಾನ ಎತ್ತಿದರೆ ನಾಲ್ಕು ಹನಿ ಮೂತ್ರ ಹೋಗುತ್ತದೆ. ಅದನ್ನು ಹೇಗೋ ಸಹಿಸಿಕೊಂಡಿದ್ದೆ. ಈಗ ಒಂದು ವರ್ಷದಿಂದ ಇನ್ನೊಂದು ಶುರುವಾಗಿದೆ. ಹೊರಗಿನಿಂದ ಮನೆಗೆ ಬಂದು ಬಾಗಿಲಿನ ಬೀಗ ತೆಗೆಯುವಾಗ ಇದ್ದಕ್ಕಿದ್ದಂತೆ ಬರುತ್ತದೆ. ಬಚ್ಚಲಿಗೆ ಓಡುವಷ್ಟರಲ್ಲಿ ಬಟ್ಟೆ ಒದ್ದೆ. ರಾತ್ರಿ ಮೂರು ಸಲ ಏಳುತ್ತೇನೆ. ಬಿಪಿಗೆ ಎರಡು ತರದ ಮಾತ್ರೆ, ಶುಗರಿಗೆ ಒಂದು. ಒಣ ಕೆಮ್ಮು ಬಿಟ್ಟು ಬಿಟ್ಟು ಇರುತ್ತದೆ. ಇಡೀ ದಿನ ಕೂತು ಬೀಡಿ ಕಟ್ಟುತ್ತೇನೆ, ಸಂಜೆ ಕಾಲು ಊದುತ್ತದೆ. ಮಂಗಳೂರಿಗೆ ಮಗಳ ಮನೆಗೆ ಹೋಗುವ ದಿನ ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿಯುವುದಿಲ್ಲ. ಕಳೆದ ವರ್ಷ ದೇವಸ್ಥಾನದ ಆಯನದ (ಜಾತ್ರೆಯ) ಗದ್ದಲದಲ್ಲಿ ಸೀರೆ ಒದ್ದೆಯಾಯಿತು. ಅಂದಿನಿಂದ ಯಕ್ಷಗಾನದ ಆಟಕ್ಕೂ ಹೋಗಿಲ್ಲ, ಮದುವೆಗೂ ಹೋಗಿಲ್ಲ. ಗಂಡನಿಗೂ ಹೇಳಿಲ್ಲ. ಪಕ್ಕದ ಮನೆಯವರು ‘ಗರ್ಭಕೋಶ ಜಾರಿದೆ, ತೆಗೆಸಿದರೆ ಸರಿಯಾಗುತ್ತದೆ’ ಎನ್ನುತ್ತಾರೆ. ನನಗೆ ಕಿಡ್ನಿಯ ಹೆದರಿಕೆ. ಆಸ್ಪತ್ರೆಯಲ್ಲಿ ಡಾಕ್ಟರು ಮಲಯಾಳದಲ್ಲಿ ಕೇಳುತ್ತಾರೆ. ಕನ್ನಡದಲ್ಲೇ ಹೇಳಲು ನಾಚಿಕೆ ಆಗುವ ವಿಷಯ, ಮಲಯಾಳದಲ್ಲಿ ಹೇಗೆ ಹೇಳಲಿ?

ಉತ್ತರ: ಅಕ್ಕಾ, ಮೊದಲು ನಿಮ್ಮ ಎರಡು ಹೆದರಿಕೆಗೆ ನೇರ ಉತ್ತರ ಕೊಡುತ್ತೇನೆ. ನೀವು ಬರೆದ ರೀತಿಯ ಸೋರಿಕೆ ಕಿಡ್ನಿ ಕೆಟ್ಟದ್ದರ ಲಕ್ಷಣವಲ್ಲ. ಮತ್ತು ಸೋರಿಕೆ ನಿಲ್ಲಿಸಲಿಕ್ಕೆ ಅಂತ ಗರ್ಭಕೋಶ ತೆಗೆಸುವ ಅಗತ್ಯ ಇಲ್ಲ. ದಯವಿಟ್ಟು ಯಾರ ಮಾತನ್ನೂ ಕೇಳಿ ಆ ಆಪರೇಷನ್ನಿಗೆ ದಿನ ಗೊತ್ತು ಮಾಡಬೇಡಿ.

ನಿಮ್ಮ ಪತ್ರದಲ್ಲಿ ನನಗೆ ತುಂಬಾ ಬೇಜಾರಾದದ್ದು ಸೋರಿಕೆಯ ಬಗ್ಗೆ ಓದಿದಾಗ ಅಲ್ಲ. ಆಟಕ್ಕೆ ಹೋಗುವುದನ್ನು, ಮದುವೆಗೆ ಹೋಗುವುದನ್ನು ಬಿಟ್ಟೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿದಾಗ. ನನ್ನ ಹತ್ತಿರ ಬರುವ ಹೆಂಗಸರಲ್ಲಿ ಹೆಚ್ಚಿನವರು ಇದನ್ನು ಮೊದಲು ಹೇಳುವುದಿಲ್ಲ. ಸೊಂಟ ನೋವು ಅಂತಾರೆ, ಬಿಳಿ ಹೋಗುತ್ತದೆ ಅಂತಾರೆ. ಚೀಟಿ ಬರೆದುಕೊಟ್ಟು ಎದ್ದು ಹೋಗುವಾಗ, ಸೆರಗು ಸರಿಮಾಡಿಕೊಳ್ಳುತ್ತಾ, ‘ಇನ್ನೊಂದು ಇತ್ತು ಡಾಕ್ಟರೇ’ ಅಂತ ನಿಲ್ಲುತ್ತಾರೆ. ಎಷ್ಟು ವರ್ಷದಿಂದ ಅಂತ ಕೇಳಿದರೆ ಐದು, ಹತ್ತು. ಹಲವು ದೇಶಗಳ ಲೆಕ್ಕದ ಪ್ರಕಾರ, ದೊಡ್ಡ ಪ್ರಾಯದ ಹೆಂಗಸರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಇದು ಒಂದಲ್ಲ ಒಂದು ಹೊತ್ತಿಗೆ ಆಗಿರುತ್ತದೆ. ನಿಮ್ಮ ಜೊತೆ ಕೂತು ಬೀಡಿ ಕಟ್ಟುವವರಲ್ಲೂ ಒಬ್ಬರಿಗೆ ಇರಬಹುದು. ಅವರೂ ನಿಮ್ಮ ಹಾಗೆಯೇ ಸುಮ್ಮನಿದ್ದಾರೆ, ಅಷ್ಟೇ.

ಈಗ ಇದು ಯಾಕೆ ಆಗುತ್ತದೆ ಅಂತ ನೋಡೋಣ. ನಮ್ಮ ಕಡೆ ಗುಡ್ಡಕ್ಕೆ ಸುರಂಗ ಕೊರೆದು ನೀರು ತರುತ್ತೇವೆ ಅಲ್ವಾ? ಸುರಂಗದ ನೀರು ಹಗಲು ರಾತ್ರಿ ಸಣ್ಣಗೆ ಹರಿಯುತ್ತಲೇ ಇರುತ್ತದೆ. ಅದು ಕೆಳಗಿನ ಟ್ಯಾಂಕಿಯಲ್ಲಿ ತುಂಬುತ್ತದೆ. ಬೇಕಾದಾಗ ತೂಬು ತೆಗೆದು ತೋಟಕ್ಕೆ ಬಿಡುತ್ತೇವೆ. ಕಿಡ್ನಿ ಎಂದರೆ ಆ ಸುರಂಗ. ಅದರ ಕೆಲಸ ಸೋಸಿ ಕೆಳಗೆ ಕಳಿಸುವುದು. ಮೂತ್ರದ ಚೀಲ ಎಂದರೆ ಟ್ಯಾಂಕಿ. ಸಾಮಾನ್ಯವಾಗಿ 400–500 ಮಿಲಿಲೀಟರ್ ಹಿಡಿಯುತ್ತದೆ. ಕಾಲು ಭಾಗದಿಂದ ಅರ್ಧದಷ್ಟು ತುಂಬಿದಾಗ ‘ಹೋಗಬೇಕು’ ಅಂತ ಮೊದಲ ಸೂಚನೆ ಬರುತ್ತದೆ, ಆದರೂ ಇನ್ನೂ ಸ್ವಲ್ಪ ಹೊತ್ತು ಆರಾಮವಾಗಿ ತಡೆಯಬಹುದು. ನಿಮ್ಮ ತೊಂದರೆ ಇರುವುದು ಟ್ಯಾಂಕಿ ಮತ್ತು ತೂಬಿನಲ್ಲಿ. ಸುರಂಗದಲ್ಲಿ ಅಲ್ಲ.

ಒಂದು ವ್ಯತ್ಯಾಸ ಇದೆ. ಈ ಟ್ಯಾಂಕಿ ಸಿಮೆಂಟಿನದ್ದಲ್ಲ, ಸ್ನಾಯುವಿನದ್ದು. ತುಂಬುವಾಗ ಸಡಿಲವಾಗಿ ಹಿಗ್ಗಬೇಕು, ಖಾಲಿ ಮಾಡುವಾಗ ಹಿಂಡಬೇಕು. ಇಡೀ ಟ್ಯಾಂಕಿ ಕೂತಿರುವುದು ಕೆಳಹೊಟ್ಟೆಯ ತಳದಲ್ಲಿ, ಮಗುವಿಗೆ ಕಟ್ಟಿದ ಬಟ್ಟೆಯ ತೊಟ್ಟಿಲಿನ ಹಾಗೆ ಇರುವ ಸ್ನಾಯುಗಳ ಮೇಲೆ. ಆ ತಳ ಬಿಗಿಯಾಗಿದ್ದರೆ ತೂಬು ಬಿಗಿ. ಹೆಂಗಸರ ಮೂತ್ರನಾಳದ ಉದ್ದ ಹೆಚ್ಚುಕಡಿಮೆ 4 ಸೆಂಟಿಮೀಟರ್ ಮಾತ್ರ. ಗಂಡಸರದ್ದು ಅದರ ನಾಲ್ಕೈದು ಪಾಲು ಉದ್ದ. ಹಾಗಾಗಿ ನಮ್ಮಲ್ಲಿ ತಳ ಸ್ವಲ್ಪ ಸಡಿಲವಾದರೂ ಹನಿ ಹೊರಗೆ ಬಂದುಬಿಡುತ್ತದೆ.

ಹಾಗಾಗಿ ನಾನು ಮೊದಲು ಕೇಳುವ ಪ್ರಶ್ನೆ ‘ಎಷ್ಟು ಹೋಗುತ್ತದೆ’ ಅಂತ ಅಲ್ಲ. ‘ಯಾವ ಗಳಿಗೆಯಲ್ಲಿ ಹೋಗುತ್ತದೆ?’ ಅಂತ. ಚಿಕಿತ್ಸೆ ಯಾವುದು ಅನ್ನುವುದು ಈ ಉತ್ತರದ ಮೇಲೆ ನಿಂತಿದೆ.

ಕೆಮ್ಮು, ಸೀನು, ನಗು, ಕೊಡಪಾನ ಎತ್ತುವುದು, ಹುಲ್ಲಿನ ಹೊರೆ ತಲೆಗೆ ಏರಿಸುವುದು: ಈ ಗಳಿಗೆಯಲ್ಲೇ ಹೋದರೆ ತೂಬು ಸಡಿಲ ಅಂತ ಅರ್ಥ. ಹೊಟ್ಟೆಯ ಒತ್ತಡ ಮೇಲಿನಿಂದ ಬೀಳುತ್ತದೆ, ತಳ ತಡೆಯುವುದಿಲ್ಲ. ಹೆರಿಗೆಯಲ್ಲಿ ತಳದ ಸ್ನಾಯು, ನರಗಳು ಎಳೆದು ಹೋಗಿರುತ್ತವೆ. ಮುಟ್ಟು ನಿಂತ ಮೇಲೆ ಅಲ್ಲಿನ ಚರ್ಮ, ಅಂಗಾಂಶ ತೆಳ್ಳಗಾಗುತ್ತವೆ. ಮೈ ಭಾರ, ಮಲಬದ್ಧತೆ, ವರ್ಷಗಟ್ಟಲೆ ಭಾರ ಹೊತ್ತದ್ದು ಎಲ್ಲ ಸೇರಿಕೊಳ್ಳುತ್ತದೆ.

ಬೀಗ ತೆಗೆಯುವಾಗ ಬರುವುದು ಬೇರೆ ಜಾತಿಯದು. ಅಲ್ಲಿ ತೂಬಿನ ತಪ್ಪಿಲ್ಲ. ಟ್ಯಾಂಕಿಯೇ ಹೊತ್ತಲ್ಲದ ಹೊತ್ತಿನಲ್ಲಿ ಹಿಂಡುತ್ತದೆ. ಕೈಯಲ್ಲಿ ಬೀಗದ ಕೈ, ಕಣ್ಣೆದುರು ಮನೆಯ ಬಾಗಿಲು. ‘ಇನ್ನು ಬಚ್ಚಲು ಹತ್ತಿರ ಬಂತು’ ಅಂತ ಮಿದುಳು ಕಲಿತುಬಿಟ್ಟಿದೆ. ನಲ್ಲಿಯ ನೀರಿನ ಶಬ್ದ ಕೇಳಿದಾಗ, ಪಾತ್ರೆ ತೊಳೆಯುವಾಗ, ತಣ್ಣೀರಿಗೆ ಕಾಲಿಟ್ಟಾಗ ಬರುವುದೂ ಇದೇ. ತುಂಬಾ ಜನರಿಗೆ ಆಗುತ್ತದೆ. ಕಲಿತದ್ದನ್ನು ಮರೆಸಲಿಕ್ಕೂ ಆಗುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ನಿಮಗೆ ಎರಡೂ ಸೇರಿದೆ. ನಿಮ್ಮ ಪ್ರಾಯದಲ್ಲಿ ಇದು ಸಾಮಾನ್ಯ.

ಇನ್ನು ನಿಮ್ಮ ಪತ್ರದಲ್ಲಿ ನೀವು ಸುಮ್ನೆ ಸೇರಿಸಿದ ಮೂರು ಮಾತುಗಳಿವೆ. ನನಗೆ ಅವು ಬಹಳ ಮುಖ್ಯ ಅನ್ನಿಸಿತು.

ಮೊದಲನೆಯದು, ಒಣ ಕೆಮ್ಮು. ಬಿಪಿಗೆ ಕೊಡುವ ಕೆಲವು ಮಾತ್ರೆಗಳಿಂದ ಒಣ ಕೆಮ್ಮು ಬರುತ್ತದೆ. ಮಾತ್ರೆಯ ಪಟ್ಟಿ ತಿರುಗಿಸಿ ನೋಡಿ. ಹೆಸರಿನ ಕೊನೆಗೆ ‘ಪ್ರಿಲ್’ ಅಂತ ಇದೆಯಾ? ಎನಾಲಾಪ್ರಿಲ್, ರಾಮಿಪ್ರಿಲ್ ಅಂತ ಇದ್ದರೆ ಡಾಕ್ಟರಿಗೆ ಹೇಳಿ. ಕೆಮ್ಮು ಬರಿಸದ ಬೇರೆ ಮಾತ್ರೆ ಇದೆ. ಒಬ್ಬರು ಎರಡು ವರ್ಷ ಕೆಮ್ಮಿನ ಸಿರಪ್ ಕುಡಿದು ನನ್ನ ಹತ್ತಿರ ಬಂದಿದ್ದರು. ಬಿಪಿ ಮಾತ್ರೆ ಬದಲಿಸಿದ ಮೇಲೆ ಕೆಲವು ವಾರಗಳಲ್ಲಿ ಕೆಮ್ಮು ನಿಂತಿತು, ಅರ್ಧಕ್ಕರ್ಧ ಸೋರಿಕೆಯೂ ನಿಂತಿತು. ಆದರೆ ನೀವಾಗಿಯೇ ಬಿಪಿ ಮಾತ್ರೆ ನಿಲ್ಲಿಸಬೇಡಿ. ಅದು ಸೋರಿಕೆಗಿಂತ ದೊಡ್ಡ ಅಪಾಯ. ಕೆಮ್ಮು ಹಳೆಯದಾದ್ದರಿಂದ ಎದೆಯನ್ನೂ ಒಮ್ಮೆ ಪರೀಕ್ಷೆ ಮಾಡಿಸಿ.

ಎರಡನೆಯದು, ಸಂಜೆ ಊದುವ ಕಾಲು. ಇಡೀ ದಿನ ಕಾಲು ಮಡಚಿ ಕೂತು, ಮಡಿಲಲ್ಲಿ ಎಲೆ, ಹುಡಿ ಇಟ್ಟು ಕೆಲಸ. ನೀರು ಕಾಲಿಗೆ ಇಳಿಯುತ್ತದೆ. ರಾತ್ರಿ ಮಲಗಿದ ಕೂಡಲೇ ಆ ನೀರು ರಕ್ತಕ್ಕೆ ವಾಪಸ್ ಬರುತ್ತದೆ, ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ರಾತ್ರಿ ಮೂರು ಸಲ ಏಳಲಿಕ್ಕೆ ಇದು ಒಂದು ಕಾರಣ ಇರಬಹುದು. ಬಿಪಿಯ ಇನ್ನೊಂದು ಮಾತ್ರೆ ಆಮ್ಲೋಡಿಪಿನ್ ಆಗಿದ್ದರೆ ಅದರಿಂದಲೂ ಕಾಲು ಊದುತ್ತದೆ. ಮಧ್ಯಾಹ್ನ ಊಟ ಆದ ಮೇಲೆ ಅರ್ಧ ಗಂಟೆ, ಸಂಜೆ ಇನ್ನೊಮ್ಮೆ, ಕಾಲನ್ನು ದಿಂಬಿನ ಮೇಲೆ ಎತ್ತರಕ್ಕೆ ಇಟ್ಟು ಮಲಗಿ. ಆಗ ರಾತ್ರಿ ಬರಬೇಕಾದ ಮೂತ್ರ ಸಂಜೆಯೇ ಹೋಗಿಬಿಡುತ್ತದೆ. ಕಾಲಿನ ಊತಕ್ಕೆ ಹೃದಯ ಅಥವಾ ಕಿಡ್ನಿಯ ಕಾರಣವೂ ಇರಬಹುದು, ಅದನ್ನು ಒಂದು ಸಲ ನೋಡಿಸಿಯೇ ಬಿಡಬೇಕು.

ಮೂರನೆಯದು ಶುಗರ್. ರಕ್ತದಲ್ಲಿ ಸಕ್ಕರೆ ಜಾಸ್ತಿಯಾದರೆ ಮೂತ್ರ ಜಾಸ್ತಿಯಾಗುತ್ತದೆ. ಇತ್ತೀಚೆಗೆ ಬಳಕೆಗೆ ಬಂದ ಕೆಲವು ಶುಗರ್ ಮಾತ್ರೆಗಳ ಕೆಲಸವೇ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಹೆಸರು. ಒಳ್ಳೆಯ ಮಾತ್ರೆಗಳೇ. ಆದರೆ ಒಂದು ವರ್ಷದಿಂದ ಶುರುವಾದ ಅರ್ಜೆಂಟಿಗೂ ಮಾತ್ರೆ ಶುರು ಮಾಡಿದ ದಿನಕ್ಕೂ ತಾಳೆ ಇದೆಯಾ ನೋಡಿ.

ಇಷ್ಟು ನೋಡದೆ ಯಾರಾದರೂ ‘ವಯಸ್ಸಾಯಿತಲ್ವಾ’ ಅಂದರೆ ಒಪ್ಪಿಕೊಳ್ಳಬೇಡಿ. ವಯಸ್ಸಿನ ಜೊತೆ ಇದು ಜಾಸ್ತಿಯಾಗುತ್ತದೆ, ನಿಜ. ಹಾಗಂತ ವಯಸ್ಸಾದವರಿಗೆ ಚಿಕಿತ್ಸೆ ಇಲ್ಲ ಅಂತ ಅಲ್ಲ.

ಗರ್ಭಕೋಶದ ವಿಷಯಕ್ಕೆ ಬರುತ್ತೇನೆ. ನಮ್ಮ ಊರುಗಳಲ್ಲಿ ಹೊಟ್ಟೆಯ ಕೆಳಗಿನ ಯಾವ ತೊಂದರೆ ಬಂದರೂ ಕೊನೆಗೆ ‘ತೆಗೆಸಿಬಿಡಿ’ ಅನ್ನುವ ಮಾತು ಬರುತ್ತದೆ. ಗರ್ಭಕೋಶ ನಿಜವಾಗಿ ಜಾರಿದ್ದರೆ ನಿಮಗೆ ಕೆಳಗೆ ಏನೋ ಉಂಡೆ ಬಂದ ಹಾಗೆ, ಕುಕ್ಕರಗಾಲಿನಲ್ಲಿ ಕೂತಾಗ ಕೈಗೆ ಸಿಗುವ ಹಾಗೆ ಅನಿಸುತ್ತದೆ. ಸಂಜೆ ಹೊತ್ತಿಗೆ ಭಾರ ಅನಿಸುತ್ತದೆ. ನೀವು ಹಾಗೇನೂ ಬರೆದಿಲ್ಲ. ಜಾರಿದ್ದರೂ ಅದಕ್ಕೆ ಒಳಗೆ ಇಡುವ ರಿಂಗ್ ಇದೆ, ಎತ್ತಿ ಹೊಲಿಯುವ ಆಪರೇಷನ್ ಇದೆ. ಕೆಲವರಲ್ಲಿ ಜಾರಿದ ಗರ್ಭಕೋಶವೇ ಮೂತ್ರನಾಳವನ್ನು ಮಡಚಿ ಹಿಡಿದಿರುತ್ತದೆ. ಅದನ್ನು ತೆಗೆದ ಮೇಲೆ ಅಲ್ಲಿಯವರೆಗೆ ಇಲ್ಲದ ಸೋರಿಕೆ ಶುರುವಾಗುತ್ತದೆ. ಸ್ವೀಡನ್ನಿನಲ್ಲಿ ಇಡೀ ದೇಶದ ದಾಖಲೆ ಇಟ್ಟುಕೊಂಡು ಮಾಡಿದ ಒಂದು ದೊಡ್ಡ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಗರ್ಭಕೋಶ ತೆಗೆಸಿಕೊಂಡವರಿಗೆ ಮುಂದೆ ಸೋರಿಕೆಯ ಆಪರೇಷನ್ ಬೇಕಾಗುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ ಅಂತ ಅದರಲ್ಲಿ ಕಂಡುಬಂತು. ಗಡ್ಡೆ, ವಿಪರೀತ ರಕ್ತಸ್ರಾವ, ಕ್ಯಾನ್ಸರ್ ಇದ್ದರೆ ತೆಗೆಸುವ ಮಾತು ಬೇರೆ. ಕೆಮ್ಮಿದಾಗ ಹೋಗುವ ನಾಲ್ಕು ಹನಿಗೆ ಅದು ಮದ್ದಲ್ಲ.

ನೀರಿನ ಬಗ್ಗೆ ನಿಮ್ಮನ್ನು ಬೇಡಿಕೊಳ್ಳುತ್ತೇನೆ. ನೀರು ಬಿಡಬೇಡಿ. ಕಡಿಮೆ ಕುಡಿದರೆ ಮೂತ್ರ ಹಳದಿಯಾಗಿ ಖಾರವಾಗುತ್ತದೆ. ಆ ಖಾರಕ್ಕೆ ಚೀಲ ಇನ್ನಷ್ಟು ಕೆರಳುತ್ತದೆ. ಮಲಬದ್ಧತೆ ಆಗುತ್ತದೆ, ಸೋಂಕು ಬರುತ್ತದೆ. ಎರಡೂ ಸೋರಿಕೆಯನ್ನು ಹೆಚ್ಚಿಸುತ್ತವೆ. ಹೃದಯ, ಕಿಡ್ನಿಯ ಕಾಯಿಲೆಗೆ ಡಾಕ್ಟರು ನೀರು ಮಿತಿ ಮಾಡಿರದಿದ್ದರೆ, ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಬೇಕು. ನಮ್ಮ ಸೆಕೆಯಲ್ಲಿ ಬೆವರು ಹೋಗುವ ದಿನ ಇನ್ನೂ ಸ್ವಲ್ಪ. ಕೊತ್ತಂಬರಿ ಹಾಕಿ ಕುದಿಸಿದ ನೀರಾದರೂ ಸರಿ, ಗಂಜಿ ತಿಳಿಯಾದರೂ ಸರಿ. ಬೆಳಿಗ್ಗೆಯಿಂದ ಸಂಜೆ ಆರೇಳರವರೆಗೆ ಹಂಚಿ ಕುಡಿಯಿರಿ. ಆಮೇಲೆ ಬಾಯಾರಿದಷ್ಟು ಮಾತ್ರ. ಚಹಾ, ಕಾಫಿ ಮಾತ್ರ ಕಡಿಮೆ ಮಾಡಿ. ಬೀಡಿ ಕಟ್ಟುವವರು ದಿನಕ್ಕೆ ಐದಾರು ಲೋಟ ಚಹಾ ಕುಡಿಯುವುದು ನನಗೆ ಗೊತ್ತು. ಎರಡಕ್ಕೆ ಇಳಿಸಿ, ಎರಡು ವಾರ ನೋಡಿ.

ಇನ್ನು ಮಾಡಬೇಕಾದ ಮುಖ್ಯ ಕೆಲಸ. ತಳದ ಸ್ನಾಯುಗಳ ವ್ಯಾಯಾಮ. ಆರ್ನಾಲ್ಡ್ ಕೆಗೆಲ್ ಎಂಬ ಅಮೆರಿಕದ ಸ್ತ್ರೀರೋಗ ತಜ್ಞರು 1948ರಲ್ಲಿ ಇದನ್ನು ಪ್ರಕಟಿಸಿದರು. ಇವತ್ತಿಗೂ ಕೆಮ್ಮಿನ ಸೋರಿಕೆಗೆ ಜಗತ್ತಿನಲ್ಲೆಲ್ಲ ಮೊದಲು ಕೊಡುವ ಚಿಕಿತ್ಸೆ ಇದೇ. ‘ಮಾಡಿದೆ, ಉಪಯೋಗ ಆಗಲಿಲ್ಲ’ ಅಂತ ಬರುವವರಲ್ಲಿ ಬಹಳ ಮಂದಿ ತಪ್ಪಾಗಿ ಮಾಡಿರುತ್ತಾರೆ, ಇಲ್ಲವೇ ಎರಡು ವಾರಕ್ಕೆ ಬಿಟ್ಟಿರುತ್ತಾರೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹತ್ತು ಜನರ ಮಧ್ಯೆ ಕೂತಾಗ ಗ್ಯಾಸ್ ಹೋಗದ ಹಾಗೆ ತಡೆಯುತ್ತೀರಲ್ಲ, ಆ ಬಿಗಿ. ಅದೇ ಬಿಗಿಯನ್ನು ಮುಂದಕ್ಕೆ, ಮೂತ್ರದ ದಾರಿಯವರೆಗೆ ತನ್ನಿ. ಒಳಗೆ, ಮೇಲಕ್ಕೆ ಎಳೆದುಕೊಂಡ ಹಾಗೆ ಅನಿಸಬೇಕು. ಹೊಟ್ಟೆಯ ಮೇಲೆ ಒಂದು ಕೈ ಇಡಿ. ಹೊಟ್ಟೆ ಗಟ್ಟಿಯಾಗಬಾರದು. ತೊಡೆ, ಕುಂಡೆ ಬಿಗಿಯಾಗಬಾರದು. ಉಸಿರು ಕಟ್ಟಬಾರದು. ಬಾಯಲ್ಲಿ ‘ಒಂದು, ಎರಡು, ಮೂರು’ ಅಂತ ಎಣಿಸಿದರೆ ಉಸಿರು ತಾನಾಗಿ ಆಡುತ್ತದೆ. ಐದು ಎಣಿಸುವವರೆಗೆ ಹಿಡಿದು, ಐದು ಎಣಿಸುವವರೆಗೆ ಪೂರ್ತಿ ಬಿಡಿ. ಬಿಡುವುದೂ ಹಿಡಿಯುವಷ್ಟೇ ಮುಖ್ಯ. ಹೀಗೆ ಎಂಟರಿಂದ ಹತ್ತು ಸಲ. ಆಮೇಲೆ ಬೇಗ ಬೇಗ ಹಿಡಿದು ಬಿಡುವುದು ಹತ್ತು ಸಲ. ದಿನಕ್ಕೆ ಮೂರು ಹೊತ್ತು. ವಾರಗಳು ಕಳೆದ ಹಾಗೆ ಐದನ್ನು ಹತ್ತಕ್ಕೆ ಏರಿಸಿ. ಶುರುವಿಗೆ ಮಲಗಿ ಮಾಡಿ, ಆಮೇಲೆ ಕೂತು, ಆಮೇಲೆ ನಿಂತು. ಮೂತ್ರ ಮಾಡುವಾಗ ಮಧ್ಯದಲ್ಲಿ ನಿಲ್ಲಿಸಿ ಅಭ್ಯಾಸ ಮಾಡಬೇಡಿ. ಹಾಗೆ ಮಾಡಿದರೆ ಚೀಲ ಪೂರ್ತಿ ಖಾಲಿಯಾಗದೆ ಉಳಿಯುತ್ತದೆ.

ನಿಮ್ಮ ಕೆಲಸದಲ್ಲೇ ಇದಕ್ಕೆ ಗಡಿಯಾರ ಇದೆ. ಒಂದು ಕಟ್ಟು ಬೀಡಿ ಆಗಿ ನೂಲು ಸುತ್ತಿ ಇಟ್ಟಾಗ ನಾಲ್ಕು ಸಲ ಬಿಗಿ ಹಿಡಿಯಿರಿ. ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ. ಮೂರು ತಿಂಗಳು ತಪ್ಪದೆ ಮಾಡಬೇಕು. ಮೊದಲ ಆರು ವಾರ ಏನೂ ಆಗಲಿಲ್ಲ ಅನಿಸಬಹುದು. ಬಿಡಬೇಡಿ. ಸರಿಯಾಗಿ ಆಗುತ್ತಿದೆಯೋ ಅಂತ ಅನುಮಾನ ಇದ್ದರೆ ಲೇಡಿ ಡಾಕ್ಟರ್ ಅಥವಾ ಫಿಸಿಯೋಥೆರಪಿಸ್ಟ್ ಒಮ್ಮೆ ಪರೀಕ್ಷೆ ಮಾಡಿ ಹೇಳುತ್ತಾರೆ. ಹೇಳಿಕೊಡುವವರು ಇದ್ದರೆ ಫಲ ಇನ್ನೂ ಚೆನ್ನಾಗಿರುತ್ತದೆ.

ಇನ್ನೊಂದು ಯುಕ್ತಿ. ಕೆಮ್ಮು ಬರುತ್ತದೆ ಅಂತ ಗೊತ್ತಾದ ಕೂಡಲೇ, ಕೆಮ್ಮುವ ಮೊದಲು ಆ ಬಿಗಿ ಹಿಡಿಯಿರಿ. ಕೊಡಪಾನಕ್ಕೆ ಕೈ ಹಾಕುವ ಮೊದಲೂ ಅಷ್ಟೇ. ಮೊದಲು ಬಿಗಿ, ಆಮೇಲೆ ಎತ್ತುವುದು. ಕೆಲವರಿಗೆ ಇದೊಂದರಿಂದಲೇ ಒಂದೆರಡು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ.

ಬೀಗದ ವಿಷಯ. ಅಂಗಳಕ್ಕೆ ಬಂದಾಗ ಅರ್ಜೆಂಟ್ ಆಯಿತು ಅಂತ ಇಟ್ಟುಕೊಳ್ಳಿ. ಓಡಬೇಡಿ. ಓಡಿದರೆ ಚೀಲ ಗೆಲ್ಲುತ್ತದೆ. ಅಲ್ಲೇ ನಿಲ್ಲಿ, ಜಗಲಿಯ ಮೇಲೆ ಕೂತರೆ ಇನ್ನೂ ಒಳ್ಳೆಯದು. ಐದಾರು ಸಲ ಬೇಗ ಬೇಗ ಬಿಗಿ ಹಿಡಿದು ಬಿಡಿ. ಮನಸ್ಸನ್ನು ಬೇರೆ ಕಡೆ ಕೊಡಿ, ಒಂದರಿಂದ ಮೂವತ್ತು ಎಣಿಸಿ. ಅರ್ಜೆಂಟ್ ಎನ್ನುವುದು ಅಲೆಯ ಹಾಗೆ ಏರಿ ಇಳಿಯುತ್ತದೆ. ಇಳಿದ ಮೇಲೆ ಎದ್ದು, ಬೀಗ ತೆಗೆದು, ನಿಧಾನಕ್ಕೆ ನಡೆದು ಹೋಗಿ. ಮೊದಲ ಕೆಲವು ಸಲ ಸೋಲುತ್ತೀರಿ. ದಪ್ಪ ಬಟ್ಟೆ ಇಟ್ಟುಕೊಂಡೇ ಅಭ್ಯಾಸ ಮಾಡಿ.

ಇದರ ಜೊತೆಗೆ ಹೊತ್ತು ಹಿಗ್ಗಿಸುವ ಅಭ್ಯಾಸ. ಈಗ ‘ಯಾವುದಕ್ಕೂ ಇರಲಿ’ ಅಂತ ಗಂಟೆಗೊಮ್ಮೆ ಹೋಗುತ್ತಿದ್ದರೆ, ಒಂದು ವಾರ ಒಂದೂಕಾಲು ಗಂಟೆಗೆ ಹೋಗಿ. ಮುಂದಿನ ವಾರ ಒಂದೂವರೆ. ಹೀಗೆ ಎರಡೂವರೆ, ಮೂರು ಗಂಟೆಯವರೆಗೆ ತನ್ನಿ. ಕಡಿಮೆ ಎಂದರೂ ಆರು ವಾರ ಬೇಕು. ಹಗಲಲ್ಲಿ ಆರೆಂಟು ಸಲ, ರಾತ್ರಿ ಒಂದು ಸಲ ಎದ್ದರೆ ನಿಮ್ಮ ಪ್ರಾಯಕ್ಕೆ ಸರಿಯೇ.

ಮೈ ಭಾರ ಇದ್ದರೆ ಸ್ವಲ್ಪ ಇಳಿಸಿ. 70 ಕಿಲೋ ಇರುವವರು ಐದಾರು ಕಿಲೋ ಇಳಿಸಿದರೂ ಸೋರಿಕೆಯಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಆಗುತ್ತದೆ.

ಮೂರು ತಿಂಗಳು ಕಳೆದೂ ಸಾಕಾಗದಿದ್ದರೆ ಮದ್ದಿನ ದಾರಿ ಇದೆ. ಮುಟ್ಟು ನಿಂತವರಿಗೆ ಯೋನಿಯೊಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಕೊಡುತ್ತೇವೆ. ಒಣಗಿದ ಜಾಗ ಮೆತ್ತಗಾಗುತ್ತದೆ, ಅರ್ಜೆಂಟ್ ಕಡಿಮೆಯಾಗುತ್ತದೆ, ಪದೇ ಪದೇ ಬರುವ ಉರಿಮೂತ್ರವೂ ಕಡಿಮೆಯಾಗುತ್ತದೆ. ಅಲ್ಲಿಯೇ ಹಚ್ಚುವುದರಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಆದರೂ ಸ್ತನದ ಕ್ಯಾನ್ಸರ್ ಆದವರು, ಕಾರಣ ಗೊತ್ತಿಲ್ಲದೆ ರಕ್ತ ಹೋಗುತ್ತಿರುವವರು ಮೊದಲೇ ಹೇಳಬೇಕು.

ಅರ್ಜೆಂಟಿಗೆ ಮಾತ್ರೆಗಳಿವೆ. ಆಕ್ಸಿಬ್ಯುಟಿನಿನ್, ಟೋಲ್ಟೆರೋಡಿನ್, ಸೋಲಿಫೆನಾಸಿನ್ ಒಂದು ಗುಂಪು. ಚೀಲದ ಹಿಂಡುವಿಕೆಯನ್ನು ತಗ್ಗಿಸುತ್ತವೆ. ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ, ಕಣ್ಣು ಮಂಜಾಗಬಹುದು. ಒಂದು ತರದ ಗ್ಲೂಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇರುವವರಿಗೆ ಕೊಡಬಾರದು. 70 ದಾಟಿದವರಲ್ಲಿ ಮರೆವು, ಗಲಿಬಿಲಿ ಜಾಸ್ತಿಯಾಗಬಹುದು, ಹಾಗಾಗಿ ಅವರಿಗೆ ನಾನು ಬಹಳ ಯೋಚಿಸಿ ಕೊಡುತ್ತೇನೆ. ಮಿರಾಬೆಗ್ರಾನ್ ಇನ್ನೊಂದು. ಬಾಯಿ ಒಣಗುವುದು ಕಡಿಮೆ, ಆದರೆ ಬಿಪಿ ಏರಬಹುದು. ನಿಮ್ಮ ಬಿಪಿ ಹತೋಟಿಯಲ್ಲಿದೆ ಅಂತ ನೋಡದೆ ಶುರು ಮಾಡಬಾರದು. ಈ ಮಾತ್ರೆಗಳು ಕೆಮ್ಮಿನ ಸೋರಿಕೆಗೆ ಕೆಲಸ ಮಾಡುವುದಿಲ್ಲ. ಇನ್ನೊಬ್ಬರಿಗೆ ಬರೆದ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತರಬೇಡಿ. ಗಂಡಸರಿಗಂತೂ ಪ್ರೋಸ್ಟೇಟ್ ದೊಡ್ಡದಾಗಿ ಚೀಲ ತುಂಬಿ ಚೆಲ್ಲುತ್ತಿರುವಾಗ ಇದನ್ನು ಕೊಟ್ಟರೆ ಮೂತ್ರ ಪೂರ್ತಿ ಕಟ್ಟಿಬಿಡಬಹುದು.

ಮಾತ್ರೆಗೂ ಬಗ್ಗದ ಅರ್ಜೆಂಟಿಗೆ ಚೀಲದ ಗೋಡೆಗೆ ಬೊಟಾಕ್ಸ್ ಚುಚ್ಚುವುದಿದೆ. ತಿಂಗಳುಗಟ್ಟಲೆ ಆರಾಮ ಸಿಗುತ್ತದೆ, ಆಮೇಲೆ ಮತ್ತೆ ಚುಚ್ಚಬೇಕು. ಕೆಲವರಿಗೆ ಮೂತ್ರ ಹೊರಡದೆ ಸ್ವಲ್ಪ ಕಾಲ ತಾವೇ ನಳಿಗೆ ಹಾಕಿ ತೆಗೆಯಬೇಕಾಗುತ್ತದೆ. ಅದಕ್ಕೆ ತಯಾರಿದ್ದರೆ ಮಾತ್ರ ಆ ದಾರಿ.

ಕೆಮ್ಮಿನ ಸೋರಿಕೆಗೆ ಆಪರೇಷನ್ ಇದೆ, ಫಲವೂ ಚೆನ್ನಾಗಿದೆ. ಮೂತ್ರನಾಳದ ಕೆಳಗೆ ಬಲೆಯಂತಹ ಸಣ್ಣ ಪಟ್ಟಿ ಇಟ್ಟು ಆಧಾರ ಕೊಡುವುದು 1990ರ ದಶಕದಿಂದ ಬಂದದ್ದು. ಹೆಚ್ಚಿನವರಿಗೆ ಸೋರಿಕೆ ನಿಲ್ಲುತ್ತದೆ. ಆದರೆ ಕೆಲವರಲ್ಲಿ ಪಟ್ಟಿ ಒಳಗಿನ ಚರ್ಮ ಕೊರೆದು ಹೊರಗೆ ಬರುತ್ತದೆ, ನೋವು ಉಳಿಯುತ್ತದೆ, ಮೂತ್ರ ಹೊರಡಲು ಕಷ್ಟವಾಗುತ್ತದೆ, ಅರ್ಜೆಂಟ್ ಹೊಸದಾಗಿ ಶುರುವಾಗುತ್ತದೆ. ಇಂತಹ ದೂರುಗಳಿಂದಾಗಿ ಇಂಗ್ಲೆಂಡಿನಲ್ಲಿ 2018ರಲ್ಲಿ ಈ ಪಟ್ಟಿಯ ಬಳಕೆಯನ್ನು ತಡೆಹಿಡಿದರು. ನಿಮ್ಮದೇ ಹೊಟ್ಟೆಯ ಗೋಡೆಯ ಪದರದಿಂದ ಪಟ್ಟಿ ಮಾಡಿ ಇಡುವುದೂ ಇದೆ, ಹೊಲಿಗೆ ಹಾಕಿ ಎತ್ತಿ ಕಟ್ಟುವುದೂ ಇದೆ. ಅವು ಸ್ವಲ್ಪ ದೊಡ್ಡ ಆಪರೇಷನ್. ನಿಮ್ಮಂತೆ ಎರಡೂ ಸೇರಿದವರಿಗೆ ಮೊದಲು ಅರ್ಜೆಂಟ್ ಹತೋಟಿಗೆ ತಂದು ಆಮೇಲೆ ಆಪರೇಷನ್ ಮಾತು ಎತ್ತುವುದು ನನ್ನ ರೂಢಿ. ಇಲ್ಲದಿದ್ದರೆ ‘ಆಪರೇಷನ್ ಮಾಡಿಸಿಯೂ ಸೋರುತ್ತದೆ’ ಅಂತ ಬೇಸರ ಮಾಡಿಕೊಳ್ಳುತ್ತೀರಿ.

ಅಲ್ಲಿಯವರೆಗೆ ಒಣಗಿರುವುದೂ ಒಂದು ಕೆಲಸ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಅರೆ ಒಣಗಿಸಿ ಉಡುತ್ತೀರಿ. ತೊಡೆಸಂದು ಕೆಂಪಾಗಿ ಉರಿಯುತ್ತದೆ, ಶುಗರ್ ಇದ್ದರೆ ಫಂಗಸ್ ಹಿಡಿಯುತ್ತದೆ. ಮೂತ್ರಕ್ಕೆಂದೇ ಬರುವ ಪ್ಯಾಡ್ ಮುಟ್ಟಿನ ಪ್ಯಾಡಿಗಿಂತ ಜಾಸ್ತಿ ಹೀರುತ್ತದೆ. ಪ್ರಯಾಣದ ದಿನಕ್ಕಾದರೂ ಇಟ್ಟುಕೊಳ್ಳಿ. ಬರೀ ನೀರಲ್ಲಿ ತೊಳೆದು, ಒತ್ತಿ ಒರೆಸಿ, ತೆಳ್ಳಗೆ ವ್ಯಾಸಲೀನ್ ಹಚ್ಚಿ. ಮಂಗಳೂರಿಗೆ ಹೋಗುವಾಗ ಹೊರಡುವ ಮೊದಲು ಒಮ್ಮೆ, ದಾರಿಯಲ್ಲಿ ಬಸ್ಸು ಬದಲಿಸುವಾಗ ಒಮ್ಮೆ ಹೋಗಿ. ನೀರು ಮಾತ್ರ ಗುಟುಕು ಗುಟುಕಾಗಿ ಕುಡಿಯುತ್ತಾ ಇರಿ.

ಕೆಲವು ಲಕ್ಷಣ ಕಂಡರೆ ಮೂರು ತಿಂಗಳು ಕಾಯಬಾರದು. ಮೂತ್ರದಲ್ಲಿ ರಕ್ತ. ಜ್ವರ, ಸೊಂಟದ ಬದಿ ನೋವು. ಹಗಲು ರಾತ್ರಿ ಬಿಡದೆ ಹನಿಯುವುದು, ಅದರಲ್ಲೂ ಹೆರಿಗೆ ಅಥವಾ ಆಪರೇಷನ್ ಆದ ಮೇಲೆ ಶುರುವಾದದ್ದು. ಹೊಟ್ಟೆ ಉಬ್ಬಿ ಮೂತ್ರ ಹೊರಡದಿರುವುದು. ಬೆನ್ನುನೋವಿನ ಜೊತೆ ಕಾಲು ಸೋತು, ತೊಡೆಸಂದಿ, ಗುದದ ಸುತ್ತ ಮರಗಟ್ಟಿದ್ದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಭಾಷೆಯ ಕಷ್ಟ ನನಗೆ ಗೊತ್ತು. ಕಾಸರಗೋಡಿನ ನಾವು 1956ರಿಂದ ಕೇರಳದಲ್ಲಿದ್ದೇವೆ, ಸಾಮಾನು ಕೊಳ್ಳುವಷ್ಟು ಮಲಯಾಳ ಎಲ್ಲರಿಗೂ ಬರುತ್ತದೆ. ಆದರೆ ಮೈಯ ವಿಷಯ ಹೇಳಲಿಕ್ಕೆ ಆ ಮಲಯಾಳ ಸಾಲುವುದಿಲ್ಲ. ಎರಡು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ. ಕೆಮ್ಮಿನದ್ದಕ್ಕೆ: ‘ಚುಮಯ್ಕುಂಬೋಳ್ ಮೂತ್ರಂ ಪೋಗುನ್ನು.’ ಬೀಗದ್ದಕ್ಕೆ: ‘ಮೂತ್ರಂ ಪಿಡಿಚ್ಚು ನಿರ್ತಾನ್ ಪಟ್ಟುನ್ನಿಲ್ಲ.’ ಹೇಳಲು ಆಗದಿದ್ದರೆ ಚೀಟಿಯಲ್ಲಿ ಬರೆಸಿ ಕೊಡಿ. ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ ಎರಡೂ ಭಾಷೆ ಬರುವುದಿದ್ದರೆ ಅವರನ್ನು ಕರೆದುಕೊಂಡು ಹೋಗಿ. ಗಂಡನಿಗೂ ಹೇಳಿ. ರಾತ್ರಿ ಮೂರು ಸಲ ಏಳುವುದು ಅವರಿಗೆ ಗೊತ್ತಿಲ್ಲದ್ದೇನೂ ಅಲ್ಲ, ಕಾರಣ ಮಾತ್ರ ಗೊತ್ತಿಲ್ಲ.

ಹೋಗುವ ಮೊದಲು ಮೂರು ದಿನದ ಲೆಕ್ಕ ಬರೆಯಿರಿ. ಒಂದು ಹಳೆಯ ಅಳತೆ ಪಾತ್ರೆ ಬಚ್ಚಲಲ್ಲಿ ಇಡಿ. ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಮಿಲಿಲೀಟರ್, ಏನು ಎಷ್ಟು ಕುಡಿದಿರಿ, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದಿರಿ. ಕ್ಯಾಲೆಂಡರಿನ ಹಿಂದೆ ಬರೆದರೂ ಸಾಕು. ಆ ಹಾಳೆ, ಬಿಪಿ ಶುಗರ್ ಮಾತ್ರೆಗಳ ಪಟ್ಟಿ, ಎರಡನ್ನೂ ಡಾಕ್ಟರ ಮೇಜಿನ ಮೇಲೆ ಇಡಿ. ಮೂತ್ರ ಪರೀಕ್ಷೆ, ಮೂರು ತಿಂಗಳ ಶುಗರಿನ ಸರಾಸರಿ, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ, ಮತ್ತು ಮೂತ್ರ ಮಾಡಿದ ಮೇಲೆ ಚೀಲದಲ್ಲಿ ಎಷ್ಟು ಉಳಿದಿದೆ ಅಂತ ನೋಡುವ ಸ್ಕ್ಯಾನ್ ಮಾಡಿಸಲು ಕೇಳಿ. ಕ್ರಿಯಾಟಿನಿನ್ ಸರಿ ಇದ್ದರೆ ನಿಮ್ಮ ಕಿಡ್ನಿಯ ಹೆದರಿಕೆಗೆ ಕಾಗದದಲ್ಲೇ ಉತ್ತರ ಸಿಗುತ್ತದೆ. ಚೀಲ ತುಂಬಿರುವಾಗ ಕೆಮ್ಮಿಸಿ ನೋಡುತ್ತಾರೆ, ನಾಚಿಕೊಳ್ಳಬೇಡಿ. ಅಲ್ಲಿ ಸೋರಿದರೆ ಅದು ಡಾಕ್ಟರಿಗೆ ಬೇಕಾದ ಉತ್ತರ.

ವ್ಯಾಯಾಮ ಶುರು ಮಾಡಿದ ತಾರೀಕನ್ನು ಅದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೂರು ತಿಂಗಳು ಆದ ಮೇಲೆ ಇನ್ನೊಮ್ಮೆ ಮೂರು ದಿನದ ಲೆಕ್ಕ ಬರೆದು, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ನನಗೂ ಬರೆಯಿರಿ.